ಒಂದೇ ಪದದ ಆಜ್ಞೆ: ಕನ್ನಡದಲ್ಲಿ ‘ಒಂದು ಪದ’ ಎಲ್ಲಿಗೆ ಮುಗಿಯುತ್ತದೆ?

ಮಂಡಕ್ಕಿ ಡಿಎಂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಪ್ರತಿ ಭಾನುವಾರ ಸಂಜೆ ನಡೆಯುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ನಡೆಸುವ ಆಟ) ಮೊನ್ನೆ ಒಂದೇ ಒಂದು ಪದದ ದೆಸೆಯಿಂದ ಮುಕ್ಕಾಲು ಗಂಟೆ ನಿಂತುಹೋಯಿತು. ಡಿಎಂ, ಅಂದರೆ ಆಟ ನಡೆಸಿ ತೀರ್ಪು ಕೊಡಬೇಕಾದ ನಾನೇ ಗೊಂದಲದಲ್ಲಿರುವುದರಿಂದ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾವು ಆಡುವುದು ಐದನೆಯ ಆವೃತ್ತಿಯ 2014ರ ನಿಯಮಗಳಂತೆ. ಪುಸ್ತಕ ಇಂಗ್ಲಿಷಿನದು, ಮೇಜಿನ ಸುತ್ತಲಿನ ಮಾತೆಲ್ಲ ಕನ್ನಡ. ಕಥೆ ನಡೆಯುವ ಕೋಟೆಯನ್ನು ನಾನು ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಮಾದರಿಯಲ್ಲಿಯೇ ಕಟ್ಟಿದ್ದೇನೆ, ಆದ್ದರಿಂದ ಅದಕ್ಕೊಂದು ಕಿಂಡಿಯೂ ಇದೆ. ಓರ್ಕ್‌ಗಳೆಂಬ ರಕ್ಕಸರ ದಳಪತಿ ಆ ಕಿಂಡಿಯಿಂದ ಅರ್ಧ ಮೈ ಹೊರಹಾಕಿದ್ದ. ಬಲಗೈಯಲ್ಲಿ ಮಂತ್ರಿಸಿದ ಕತ್ತಿಯಿತ್ತು. ಕಿಂಡಿಯ ಈಚೆ ನಮ್ಮ ಕ್ಲೆರಿಕ್ (ದೈವಬಲದಿಂದ ಮಂತ್ರ ಹಾಕುವ ಪಾತ್ರ) ನಿಂತಿದ್ದಳು. ಅವಳ ಕೈಯಲ್ಲಿದ್ದ ಆಯುಧ ಒನಕೆ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಡೆಯುವ ಬದಲು ಅವಳು ಕಮಾಂಡ್ ಮಂತ್ರ ಹಾಕಿದಳು. ‘ಒಂದೇ ಪದದ ಆಜ್ಞೆಯನ್ನು ನುಡಿಯಬೇಕು, ಗುರಿಯಾದವನು ವಿಸ್ಡಮ್ ಸೇವಿಂಗ್ ಥ್ರೋದಲ್ಲಿ (ಮಂತ್ರದಿಂದ ಪಾರಾಗಲು ಹಾಕುವ ದಾಳದಲ್ಲಿ) ಸೋತರೆ ತನ್ನ ಮುಂದಿನ ಸರದಿಯಲ್ಲಿ ಅದನ್ನು ಪಾಲಿಸಬೇಕು’ ಎಂಬುದು ಆ ಮಂತ್ರದ ನಿಯಮ. ದಳಪತಿಗೆ ಬೇಕಿದ್ದದ್ದು ಹದಿಮೂರು, ದಾಳದಲ್ಲಿ ಬಿದ್ದದ್ದು ಐದು. ‘ಆಜ್ಞೆ ಏನು?’ ಎಂದು ಕೇಳಿದೆ. ಅವಳು ಉಸಿರೆಳೆದುಕೊಂಡು ಹೇಳಿದ ಪದ ಇದು:

ಕತ್ತಿಯನ್ನೆಸೆದೋಡಿಹೋಗು.

ಮೇಜಿನ ಸುತ್ತ ಇದ್ದವರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು, ಇಬ್ಬರು ‘ಇದು ಮೋಸ’ ಎಂದು ಎದ್ದು ನಿಂತರು. ಬರೆದು ತೋರಿಸು ಎಂದರೆ ನಡುವೆ ಎಲ್ಲಿಯೂ ಜಾಗ ಬಿಡದೆ ನೀಟಾಗಿ ಬರೆದೂ ತೋರಿಸಿದಳು. ಇದು ಒಂದು ಪದವೋ, ನಾಲ್ಕು ಪದಗಳೋ?

ಏಳುಸುತ್ತು, ಚಿತ್ರದುರ್ಗ

ನಾಲ್ಕು. ಚರ್ಚೆಯೇ ಬೇಕಿಲ್ಲ.

ಕಮಾಂಡ್ ಮೊದಲನೆಯ ಹಂತದ ಮಂತ್ರ. ಅರವತ್ತು ಅಡಿಯೊಳಗೆ ಕಾಣುವ ಒಬ್ಬನ ಮೇಲೆ ಒಂದು ಸುತ್ತಿನ ಮಟ್ಟಿಗೆ ಮಾತ್ರ ನಡೆಯುವಂಥದ್ದು. ಪುಸ್ತಕವು ಮಾದರಿಯಾಗಿ ಐದು ಆಜ್ಞೆಗಳನ್ನು ಕೊಟ್ಟಿದೆ: ಹತ್ತಿರ ಬರುವುದು, ಕೈಯಲ್ಲಿದ್ದುದನ್ನು ಬಿಡುವುದು, ಓಡುವುದು, ಅಡ್ಡಬೀಳುವುದು, ನಿಲ್ಲುವುದು. ಇವುಗಳಲ್ಲಿ ‘ಬಿಡು’ ಎಂಬ ಆಜ್ಞೆಯ ವಿವರಣೆಯನ್ನು ಗಮನವಿಟ್ಟು ಓದಿ. ಕೈಯಲ್ಲಿದ್ದುದನ್ನು ಬಿಟ್ಟ ಕೂಡಲೇ ಅವನ ಸರದಿ ಮುಗಿಯುತ್ತದೆ. ಅಂದರೆ ಕತ್ತಿ ಬಿಟ್ಟವನು ಓಡಲಾರ, ಓಡುವವನು ಕತ್ತಿಯನ್ನು ಹಿಡಿದುಕೊಂಡೇ ಓಡುತ್ತಾನೆ. ಎರಡನ್ನೂ ಒಟ್ಟಿಗೆ ಕೊಡಬಾರದೆಂಬ ಉದ್ದೇಶ ನಿಯಮದಲ್ಲಿಯೇ ಇರುವಾಗ ಸಂಧಿಯ ಅಂಟು ಹಚ್ಚಿ ಎರಡನ್ನು ಒಂದು ಮಾಡಿದರೆ ಅದು ಭಾಷಾಪ್ರೌಢಿಮೆಯಲ್ಲ, ಒಂದೇ ಟಿಕೆಟ್ಟಿನಲ್ಲಿ ಇಬ್ಬರು ಬಸ್ ಹತ್ತುವ ಜಾಣತನ.

ಅಲ್ಲದೆ 2024ರ ಪರಿಷ್ಕೃತ ಪುಸ್ತಕದಲ್ಲಿ ಆ ಐದರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು, ಸ್ವಂತ ಪದಕ್ಕೆ ಅವಕಾಶವೇ ಇಲ್ಲ. ಹೊಸ ಪುಸ್ತಕ ಕೊಂಡುಕೊಳ್ಳಿ, ಜಗಳ ಮುಗಿಯುತ್ತದೆ.

ಇಪ್ಪತ್ತರ ದಾಳ, ದಾವಣಗೆರೆ

ಆ ಕ್ಲೆರಿಕ್ ನಾನೇ. ಮೋಸ, ಟಿಕೆಟ್ಟು ಎಂಬ ಮಾತುಗಳು ಬಂದಿರುವುದರಿಂದ ಉತ್ತರಿಸಲೇಬೇಕಾಗಿದೆ.

ನಿಯಮದಲ್ಲಿರುವುದು ‘ಒಂದು ಪದ’ ಎಂದು. ‘ಒಂದು ಪರಿಣಾಮ’ ಎಂದು ಎಲ್ಲಿಯೂ ಇಲ್ಲ. 2014ರ ಪುಸ್ತಕವು ಆ ಐದಲ್ಲದೆ ಬೇರೆ ಆಜ್ಞೆಗಳನ್ನೂ ಕೊಡಬಹುದು, ಆಗ ಗುರಿಯಾದವನು ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಡಿಎಂ ನಿರ್ಧರಿಸಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಇಂಗ್ಲಿಷಿನವರಿಗೆ ತಮ್ಮ ನುಡಿಯಲ್ಲಿ ಕತ್ತಿಯನ್ನೂ ಓಟವನ್ನೂ ಒಂದೇ ಪದದಲ್ಲಿ ಹಿಡಿಸಲು ಆಗದಿದ್ದರೆ ಅದು ಅವರ ಕಷ್ಟ. ನನ್ನ ನುಡಿ ನನಗೆ ಕೊಟ್ಟಿರುವ ಅನುಕೂಲವನ್ನು ನಾನೇಕೆ ಬಿಟ್ಟುಕೊಡಲಿ?

ಹರಿಹರದ ಹಾಫ್ಲಿಂಗ್

ನಮ್ಮ ಕಡೆ ‘ಒಂದು ಪದ ಹೇಳು’ ಎಂದರೆ ಇಡೀ ಹಾಡನ್ನೇ ಹೇಳುತ್ತಾರೆ. ಬೀಸುವ ಪದ, ಸೋಬಾನೆ ಪದ ಎಲ್ಲವೂ ಒಂದೊಂದೇ ಪದ. ಕಮಾಂಡ್ ಮಂತ್ರ ಹಾಕಿ ಬೆಳಗಿನವರೆಗೂ ಹಾಡುತ್ತ ಕೂರಬಹುದು.

ಲೋಪಸಂಧಿ, ಚಿತ್ರದುರ್ಗ

ನಾನು ಈ ಆಟವನ್ನು ಆಡಿದವಳಲ್ಲ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಗ ಆಡುತ್ತಾನೆ, ಈ ಚರ್ಚೆಯನ್ನು ಅವನೇ ತೋರಿಸಿದ. ಆಟದ ನಿಯಮ ನನಗೆ ತಿಳಿಯದಿದ್ದರೂ ಪದದ ನಿಯಮ ತಿಳಿಯುವುದರಿಂದ ಎರಡು ಮಾತು.

ಸಂಧಿಯಾದ ಮಾತ್ರಕ್ಕೆ ಪದಗಳು ಒಂದಾಗುವುದಿಲ್ಲ. ನಾವು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವ ಮಾತು ಇದು. ಸಂಧಿ ಎಂಬುದು ಅಕ್ಷರಗಳ ಕೂಡುವಿಕೆ. ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಸೇರುವುದಷ್ಟೇ ಅದರ ಕೆಲಸ. ‘ಕತ್ತಿಯನ್ನು’ ಎಂಬುದು ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಹೊತ್ತು ನಿಂತಿರುವ ಪೂರ್ಣ ನಾಮಪದ. ‘ಎಸೆದು’ ಎಂಬುದು ಕೃದಂತಾವ್ಯಯ. ಇವೆರಡು ಸೇರುವಾಗ ‘ನ್ನು’ವಿನ ಉಕಾರ ಬಿದ್ದುಹೋಗಿ ‘ಕತ್ತಿಯನ್ನೆಸೆದು’ ಎಂದಾಗುತ್ತದೆ, ಮುಂದೆ ‘ಓಡಿ’ ಸೇರುವಾಗ ಇನ್ನೊಂದು ಉಕಾರ ಬೀಳುತ್ತದೆ, ಎರಡೂ ಲೋಪಸಂಧಿ. ಬಾಯಲ್ಲಿ ಒಂದಾಗಿ ಹೊರಟರೂ ವ್ಯಾಕರಣದಲ್ಲಿ ಅವು ಬೇರೆ ಬೇರೆ ಪದಗಳೇ.

ಪದಗಳನ್ನು ನಿಜವಾಗಿ ಒಂದು ಮಾಡುವುದು ಸಮಾಸ. ಅಲ್ಲಿ ನಡುವಿನ ವಿಭಕ್ತಿ ಪ್ರತ್ಯಯವೇ ಲೋಪವಾಗುತ್ತದೆ. ಕ್ರಿಯಾಸಮಾಸವೆಂದು ಒಂದಿದೆ: ತಲೆಯನ್ನು ಬಾಗು ಎಂಬುದು ತಲೆಬಾಗು, ಕೈಯನ್ನು ಮುಗಿ ಎಂಬುದು ಕೈಮುಗಿ, ಬಾಯಿಯನ್ನು ಮುಚ್ಚು ಎಂಬುದು ಬಾಯ್ಮುಚ್ಚು. ಇವು ಒಂದೇ ಪದ. ಆ ಹುಡುಗಿಗೆ ಬೇಕಿದ್ದರೆ ‘ಅಡ್ಡಬೀಳು’ ಎನ್ನಬಹುದಿತ್ತು. ನಿಘಂಟಿನಲ್ಲಿಯೂ ಸಿಗುತ್ತದೆ, ಶತ್ರುವಿನ ಮಾನವೂ ಹೋಗುತ್ತದೆ.

ಏಳುಸುತ್ತು, ಚಿತ್ರದುರ್ಗ

ಮೇಡಂ, ನಿಮಗೊಂದು ದೊಡ್ಡ ನಮಸ್ಕಾರ. ಇದನ್ನೇ ನಾನು ಹೇಳಹೊರಟಿದ್ದೆ.

ಇಪ್ಪತ್ತರ ದಾಳ, ದಾವಣಗೆರೆ

ನೀವು ಹೇಳಹೊರಟದ್ದು ಟಿಕೆಟ್ಟಿನ ವಿಷಯ. ಇರಲಿ. ಮೇಡಂ ಹೇಳಿದ್ದಕ್ಕೆ ತಲೆಬಾಗುತ್ತೇನೆ. ಆದರೆ ಅವರು ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನ ಕೈಗೆ ಇನ್ನೂ ದೊಡ್ಡ ಒನಕೆಯನ್ನು ಕೊಟ್ಟಿದ್ದಾರೆ. ‘ಬಾಯ್ಮುಚ್ಚು’ ಒಂದೇ ಪದವಾದರೆ ಶತ್ರು ಮಾಂತ್ರಿಕನ ಮೇಲೆ ಅದನ್ನೇ ಹಾಕುತ್ತೇನೆ. ಬಾಯಿ ಮುಚ್ಚಿದವನು ತನ್ನ ಸರದಿಯಲ್ಲಿ ಬಾಯಿಂದ ನುಡಿಯಬೇಕಾದ ಯಾವ ಮಂತ್ರವನ್ನೂ ಹಾಕಲಾರ. ಸದ್ದನ್ನೇ ಅಡಗಿಸುವ ಎರಡನೆಯ ಹಂತದ ಸೈಲೆನ್ಸ್ ಮಂತ್ರ ಮಾಡುವ ಕೆಲಸ ಮೊದಲನೆಯ ಹಂತದ ಸ್ಲಾಟಿನಲ್ಲಿ (ದಿನಕ್ಕೆ ಇಷ್ಟೇ ಮಂತ್ರವೆಂದು ಇರುವ ಪಾಲಿನಲ್ಲಿ) ಆಗಿಹೋಯಿತು.

ಏಳುಸುತ್ತು, ಚಿತ್ರದುರ್ಗ

ಆಗಿಹೋಗಲಿಲ್ಲ. ಸೈಲೆನ್ಸ್ ಇಪ್ಪತ್ತಡಿ ತ್ರಿಜ್ಯದ ಗೋಳದಲ್ಲಿ ಹತ್ತು ನಿಮಿಷದವರೆಗೂ ನಿಲ್ಲಬಲ್ಲದು, ಅದಕ್ಕೆ ಸೇವಿಂಗ್ ಥ್ರೋ ಕೂಡ ಇಲ್ಲ. ನಿಮ್ಮ ‘ಬಾಯ್ಮುಚ್ಚು’ ಒಬ್ಬನ ಒಂದು ಸರದಿಗೆ ಸಾಕು. ಅದೂ ಆಜ್ಞೆ ಜಾರಿಗೆ ಬರುವುದು ಅವನ ಮುಂದಿನ ಸರದಿಯಲ್ಲಿ. ಅದಕ್ಕೆ ಮೊದಲು ನಿಮ್ಮ ಗೆಳೆಯ ಫೈರ್‌ಬಾಲ್ ಹಾಕಹೊರಟರೆ ಆ ಮಾಂತ್ರಿಕ ತನ್ನ ರಿಯಾಕ್ಷನ್ನಿನಲ್ಲಿ (ಸರದಿ ಬರದಿದ್ದಾಗಲೂ ಮಾಡಬಹುದಾದ ಪ್ರತಿಕ್ರಿಯೆಯಲ್ಲಿ) ಅದನ್ನು ತಡೆಯುವ ಕೌಂಟರ್‌ಸ್ಪೆಲ್ ಹಾಕಿಯೇ ಹಾಕುತ್ತಾನೆ. ಅದಕ್ಕೆ ಬಾಯಿ ತೆರೆಯಬೇಕಿಲ್ಲ, ಕೈಸನ್ನೆ ಸಾಕು.

ಇರಲಿ, ಮೂಲ ಪ್ರಶ್ನೆಗೆ ಬರೋಣ. ನಿಮ್ಮ ಕ್ಲೆರಿಕ್ ಆ ಲೋಕದಲ್ಲಿ ಮಾತನಾಡುವುದು ಕನ್ನಡವನ್ನಲ್ಲ, ಅಲ್ಲಿನ ‘ಕಾಮನ್’ ಭಾಷೆಯನ್ನು. ನಾವು ಮೇಜಿನಲ್ಲಿ ಆಡುವ ಕನ್ನಡ ಅದರ ಅನುವಾದವಷ್ಟೇ. ಕಾಮನ್ ಭಾಷೆಯಲ್ಲಿ ಲೋಪಸಂಧಿ ಇದೆ ಎಂದು ಯಾರು ಹೇಳಿದರು?

ಇಪ್ಪತ್ತರ ದಾಳ, ದಾವಣಗೆರೆ

ಇಲ್ಲ ಎಂದು ಯಾರು ಹೇಳಿದರು?

ಹಿರಿಯೂರಿನ ಎಲ್ಫ್

ಈ ವಾದಕ್ಕೆ ಬಾಲವೂ ಇದೆ. 2014ರ ನಿಯಮದಂತೆ ನಿಮ್ಮ ಭಾಷೆ ತಿಳಿಯದವನ ಮೇಲೆ ಕಮಾಂಡ್ ನಡೆಯುವುದಿಲ್ಲ. ಆದರೆ ಕ್ಲೆರಿಕ್ ಮೊದಲೇ ತನ್ನ ಮೇಲೆ ಟಂಗ್ಸ್ ಮಂತ್ರ ಹಾಕಿಕೊಂಡಿದ್ದರೆ, ಯಾವುದಾದರೊಂದು ಭಾಷೆ ಬಲ್ಲ ಯಾರಿಗೇ ಆದರೂ ಅವಳ ಮಾತು ಅರ್ಥವಾಗುತ್ತದೆ. ಆಗ ಪದಗಳನ್ನು ಎಣಿಸಬೇಕಾದದ್ದು ಹೇಳುವವಳ ಬಾಯಲ್ಲೋ, ಕೇಳುವವನ ಕಿವಿಯಲ್ಲೋ? ಅವಳ ನುಡಿಯಲ್ಲಿ ಒಂದು ಪದವಾಗಿದ್ದದ್ದು ಓರ್ಕ್‌ಗಳ ನುಡಿಯಲ್ಲಿ ಆರು ಪದವಾಗಿದ್ದರೆ?

ಇನ್ನು, ಮಂತ್ರದ ಪದ ಪ್ರಾಚೀನ ಭಾಷೆಯದ್ದಲ್ಲವೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆಟದ ಪ್ರಕಾಶಕರು ‘ಸೇಜ್ ಅಡ್ವೈಸ್’ ಎಂಬ ಹೆಸರಿನಲ್ಲಿ ಕೊಡುವ ಅಧಿಕೃತ ಉತ್ತರಗಳಲ್ಲಿ ಇದಕ್ಕೆ ನೇರವಾದ ಸಮಾಧಾನವಿದೆ. ಮಂತ್ರದ ಬೀಜಾಕ್ಷರಗಳು ಬೇರೆ, ಗುರಿಯಾದವನಿಗೆ ಅರ್ಥವಾಗುವಂತೆ ನುಡಿಯುವ ಆಜ್ಞೆ ಬೇರೆ. ಮೊದಲು ಮಂತ್ರ, ಆಮೇಲೆ ಆಜ್ಞೆ. ಹಾಗಾಗಿ ಇಲ್ಲಿ ಚರ್ಚೆಗೆ ಬಂದಿರುವ ಪದ ಮಾಮೂಲಿ ಮಾತಿನ ಪದವೇ.

ಹರಿಹರದ ಹಾಫ್ಲಿಂಗ್

ಯಾರೂ ಒಂದು ವಿಷಯವನ್ನು ಗಮನಿಸಲಿಲ್ಲ. ಅವಳು ‘ಬಿಟ್ಟು’ ಎನ್ನಲಿಲ್ಲ, ‘ಎಸೆದು’ ಎಂದಳು. ಎಸೆಯುವುದಕ್ಕೆ ಒಂದು ದಿಕ್ಕು ಬೇಕು, ಕಿಂಡಿಯಲ್ಲಿ ಅರ್ಧ ಸಿಕ್ಕಿಕೊಂಡವನಿಗೆ ಇರುವುದು ಒಂದೇ ದಿಕ್ಕು. ಆ ದಿಕ್ಕಿನಲ್ಲಿ ನಿಂತಿರುವುದು ಕ್ಲೆರಿಕ್.

ಮಂಡಕ್ಕಿ ಡಿಎಂ, ದಾವಣಗೆರೆ

ಅಯ್ಯೋ. ಇದು ನನಗೆ ಹೊಳೆಯಲೇ ಇಲ್ಲವಲ್ಲ! ಆಜ್ಞೆಯು ಪಾಲಿಸುವವನಿಗೆ ನೇರವಾಗಿ ಹಾನಿಯಾಗುವಂತಿರಬಾರದು ಎಂದಷ್ಟೇ ನಿಯಮವಿದೆ. ಕೊಟ್ಟವಳಿಗೆ ಹಾನಿಯಾಗಬಾರದೆಂದು ಎಲ್ಲಿಯೂ ಇಲ್ಲ.

ಹಿರಿಯೂರಿನ ಎಲ್ಫ್

ಕಮಾಂಡ್ ಚಿಕ್ಕ ವಿಷಯ. ನಮ್ಮ ಮೇಜಿನಲ್ಲಿ ನಿಜವಾದ ಮಹಾಭಾರತ ನಡೆದದ್ದು ಸೆಂಡಿಂಗ್ ಮಂತ್ರದ ಮೇಲೆ. ಮೂರನೆಯ ಹಂತದ್ದು, ಎಷ್ಟೇ ದೂರದಲ್ಲಿರುವ ಪರಿಚಿತರಿಗಾದರೂ ಇಪ್ಪತ್ತೈದು ಪದಗಳೊಳಗಿನ ಸಂದೇಶ ಕಳಿಸಬಹುದು, ಅವರೂ ಆ ಕ್ಷಣವೇ ಅಷ್ಟರಲ್ಲೇ ಉತ್ತರ ಕೊಡಬಹುದು. ಕಳೆದ ತಿಂಗಳು ನಾನು ಕಳಿಸಿದ ಸಂದೇಶ ಇದು, ಬರೆದಿಟ್ಟುಕೊಂಡಿದ್ದೇನೆ:

‘ಕೋಟೆಯ ಉತ್ತರದ ಬಾಗಿಲು ತೆರೆದಿದೆ, ಮುನ್ನೂರು ಓರ್ಕ್‌ಗಳು ಬೆಳಗಾಗುವುದರೊಳಗೆ ಒಳನುಗ್ಗಲಿದ್ದಾರೆ, ನೀರಿನ ಕಾಲುವೆಯ ಮೂಲಕ ಮಕ್ಕಳನ್ನು ಸಾಗಿಸುತ್ತಿದ್ದೇವೆ, ಹಳ್ಳದ ಬಳಿ ಬಂಡಿಗಳೊಡನೆ ಕಾದಿರದಿದ್ದರೆ ಅವರೆಲ್ಲ ಸಿಕ್ಕಿಬೀಳುತ್ತಾರೆ, ಅರಸನಿಗಿದನ್ನು ತಿಳಿಸಬೇಡಿ, ಮಂತ್ರಿಯೇ ಆ ಬಾಗಿಲು ತೆರೆಸಿದವನು.’

ಎಣಿಸಿಕೊಳ್ಳಿ, ಸರಿಯಾಗಿ ಇಪ್ಪತ್ತೈದು. ಇದನ್ನೇ ಇಂಗ್ಲಿಷಿಗೆ ಹಾಕಿ ನೋಡಿದೆವು, ಐವತ್ತು ದಾಟಿತು. ಇಪ್ಪತ್ತೈದನೆಯ ಇಂಗ್ಲಿಷ್ ಪದಕ್ಕೆ ಸಂದೇಶ ಕಾಲುವೆಯ ಬಳಿಯೇ ನಿಂತುಹೋಗುತ್ತದೆ. ಬಂಡಿಯೂ ಇಲ್ಲ, ಮಂತ್ರಿಯ ದ್ರೋಹವೂ ಇಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳು ಪದದ ಬಾಲಕ್ಕೇ ಅಂಟಿಕೊಂಡಿರುತ್ತವೆ, ಅವರಿಗೆ ಪ್ರತಿಯೊಂದಕ್ಕೂ ಬೇರೆ ಪದ ಬೇಕು. ನಮ್ಮ ಡಿಎಂ ಕೊನೆಗೆ ಒಪ್ಪಿದರು, ಆದರೆ ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡೇ ಇದ್ದರು.

ಏಳುಸುತ್ತು, ಚಿತ್ರದುರ್ಗ

ಮೇಡಂ ಹೇಳಿದ ಲೆಕ್ಕದಲ್ಲಿ ‘ಅರಸನಿಗಿದನ್ನು’ ಎಂಬುದು ಎರಡು ಪದ. ‘ಅವರೆಲ್ಲ’ ಎಂಬುದೂ ಎರಡು. ‘ಒಳನುಗ್ಗು’, ‘ಸಿಕ್ಕಿಬೀಳು’ ಎಂಬುವನ್ನು ಬಿಡಿಸಿದರೆ ಇಪ್ಪತ್ತೊಂಬತ್ತಾಯಿತು. ನಿಮ್ಮ ಡಿಎಂ ಮುಖ ಗಂಟಿಕ್ಕಿಕೊಂಡದ್ದರಲ್ಲಿ ನ್ಯಾಯವಿದೆ.

ಲೋಪಸಂಧಿ, ಚಿತ್ರದುರ್ಗ

ಮೊದಲೆರಡನ್ನು ಒಪ್ಪುತ್ತೇನೆ. ‘ಒಳನುಗ್ಗು’, ‘ಸಿಕ್ಕಿಬೀಳು’ ಎಂಬುವನ್ನು ಬಿಡಿಸಬೇಡಿ. ಸಿಕ್ಕಿಬೀಳುವುದರಲ್ಲಿ ಯಾರೂ ನಿಜವಾಗಿ ಬೀಳುವುದಿಲ್ಲ. ಎರಡು ಸೇರಿ ಮೂರನೆಯದೊಂದು ಅರ್ಥ ಹುಟ್ಟಿದ್ದರೆ ಅದು ಒಂದೇ ಪದ. ನನ್ನ ಲೆಕ್ಕ ಇಪ್ಪತ್ತೇಳು.

ಕಟ್ಟುಕಡ್ಡಿ, ದಾವಣಗೆರೆ

ಕಟ್ಟುಕಡ್ಡಿ ಎಂಬುದು ನಮ್ಮ ಕಚೇರಿಯಲ್ಲಿ ತಂತಿಯ ಬಡಿಗೋಲಿಗೆ ನಾವೇ ಇಟ್ಟುಕೊಂಡಿದ್ದ ಅಡ್ಡಹೆಸರು. ಟೆಲಿಗ್ರಾಂ ವಿಭಾಗದಲ್ಲಿ ಸೇವೆ ಸಲ್ಲಿಸಿದವನು ನಾನು. 2013ರ ಜುಲೈ 15ರಂದು ದೇಶದಲ್ಲಿ ತಂತಿ ಸೇವೆಯೇ ನಿಂತಿತು. ನನ್ನ ಮೊಮ್ಮಗ ಈ ಚರ್ಚೆಯನ್ನು ಓದಿ ಹೇಳಿದಾಗ ನಗು ತಡೆಯಲಾಗಲಿಲ್ಲ, ಏಕೆಂದರೆ ನೀವು ಕಟ್ಟೆ ಹಾಕಿ ಚರ್ಚಿಸುತ್ತಿರುವುದು ನಮ್ಮ ಕೌಂಟರಿನ ದಿನನಿತ್ಯದ ಜಗಳ.

ತಂತಿಗೆ ಹಣ ಪದದ ಲೆಕ್ಕದಲ್ಲಿ. ಅದಕ್ಕಾಗಿ ಜನ ಕನ್ನಡದ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಮೂರು ಪದಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಬರುತ್ತಿದ್ದರು. ‘ಅಜ್ಜಿಗೆಹುಷಾರಿಲ್ಲಕೂಡಲೆಹೊರಟುಬಾ’ ಎಂಬುದನ್ನು ಒಂದು ಪದವೆಂದು ಸಾಧಿಸಿದವರೊಬ್ಬರು ನನಗಿನ್ನೂ ನೆನಪಿದ್ದಾರೆ. ನಾವು ಸೀಸದ ಕಡ್ಡಿಯಿಂದ ನಡುವೆ ಗೆರೆ ಎಳೆಯುತ್ತಿದ್ದೆವು, ಅವರು ಆ ಗೆರೆಗಳನ್ನು ನೋಡಿ ಕೂಗಾಡುತ್ತಿದ್ದರು. ಅಜ್ಜಿಗೆ ಹುಷಾರಿಲ್ಲದ ಮನೆಯವರೊಡನೆ ವ್ಯಾಕರಣ ಮಾತನಾಡುವುದು ಸುಲಭವಲ್ಲ.

ಈ ಅಂಟಿಸುವ ಉಪಾಯ ಲೋಕಕ್ಕೆಲ್ಲ ಹಳೆಯದು. ಅದನ್ನು ತಡೆಯಲೆಂದೇ 1875ರ ಸೇಂಟ್ ಪೀಟರ್ಸ್‌ಬರ್ಗ್ ಅಂತರರಾಷ್ಟ್ರೀಯ ತಂತಿ ಸಮ್ಮೇಳನದಲ್ಲಿ ಒಂದು ಪದಕ್ಕೆ ಹದಿನೈದು ಅಕ್ಷರಗಳೆಂಬ ಮಿತಿ ಬಂತು.  ಅಕ್ಷರ ಎಣಿಸಿದರೆ ಮುಗಿಯಿತು. ನೀವೂ ಹಾಗೆಯೇ ಮಾಡಿ.

ಇಪ್ಪತ್ತರ ದಾಳ, ದಾವಣಗೆರೆ

ತಾತಾ, ಹದಿನೈದಕ್ಕೆ ನನ್ನ ಒಪ್ಪಿಗೆ ಇದೆ! ನನ್ನ ಪದವನ್ನು ಎಣಿಸಿ: ಕ, ತ್ತಿ, ಯ, ನ್ನೆ, ಸೆ, ದೋ, ಡಿ, ಹೋ, ಗು. ಒಂಬತ್ತೇ ಅಕ್ಷರ. ಇನ್ನೂ ಆರು ಉಳಿದಿವೆ. ಹೋಗುವಾಗ ಬಾಗಿಲು ಹಾಕಿಕೊಂಡು ಹೋಗು ಎಂದೂ ಹೇಳಬಹುದು.

ಕಟ್ಟುಕಡ್ಡಿ, ದಾವಣಗೆರೆ

ಮಗಳೇ, ಅವರ ಅಕ್ಷರವೇ ಬೇರೆ, ನಮ್ಮ ಅಕ್ಷರವೇ ಬೇರೆ. ಅವರು ಹದಿನೈದು ಎಂದದ್ದು ಬಿಡಿ ಬಿಡಿ ರೋಮನ್ ಅಕ್ಷರಗಳಿಗೆ. ನಮ್ಮ ‘ತ್ತಿ’ ಒಂದಕ್ಕೇ ಅವರಿಗೆ ಮೂರು ಬೇಕು.

ಲೋಪಸಂಧಿ, ಚಿತ್ರದುರ್ಗ

ಹಾಗಾದರೆ ಮಿತಿಯನ್ನು ನಮ್ಮ ನುಡಿಗೆ ತಕ್ಕಂತೆ ನಾವೇ ಇಟ್ಟುಕೊಳ್ಳೋಣ. ಆ ಐದು ಆಜ್ಞೆಗಳನ್ನು ಕನ್ನಡದಲ್ಲಿ ಹೇಳಿ ನೋಡಿದೆ: ಬಾ, ಬಿಡು, ಓಡು, ನಿಲ್ಲು, ಅಡ್ಡಬೀಳು. ಎಲ್ಲಕ್ಕಿಂತ ಉದ್ದದ್ದು ನಾಲ್ಕಕ್ಷರ. ಕನ್ನಡದ ಧಾತುವಿಗೆ ಒಂದು ಸೊಗಸಿದೆ, ಅದಕ್ಕೆ ಯಾವ ಪ್ರತ್ಯಯವನ್ನೂ ಹಚ್ಚದೆ ನುಡಿದರೆ ಅದೇ ಆಜ್ಞೆ. ‘ಓಡು’ ಎಂಬುದು ಧಾತುವೂ ಹೌದು, ಎದುರಿಗಿರುವವನಿಗೆ ಅಪ್ಪಣೆಯೂ ಹೌದು. ಈ ಮಂತ್ರ ನಮ್ಮ ಭಾಷೆಗೆಂದೇ ಹುಟ್ಟಿದಂತಿದೆ. ಆದ್ದರಿಂದ ನನ್ನ ಸಲಹೆ: ಒಂದು ಬಿಡಿ ಧಾತು ಅಥವಾ ನಿಘಂಟಿನಲ್ಲಿ ಸಿಗುವ ಒಂದು ಕ್ರಿಯಾಸಮಾಸ, ಯಾವುದಾದರೂ ನಾಲ್ಕು ಅಕ್ಷರ ಮೀರಬಾರದು. ಶರಣಾಗು, ಹಿಂದಿರುಗು, ತಲೆಬಾಗು ಇವೆಲ್ಲ ನಾಲ್ಕರೊಳಗೇ ಬರುತ್ತವೆ.

ಹರಿಹರದ ಹಾಫ್ಲಿಂಗ್

‘ಆಯುಧಬಿಡು’ ಎಂದರೆ ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟು ಹಾಕಿದಂತಾಗಿ ಅರಿಸಮಾಸ ದೋಷ ಬರುವುದಿಲ್ಲವೇ? ದೋಷವಿರುವ ಮಂತ್ರ ಹಾಕಿದವನಿಗೇ ತಿರುಗಬೇಕು.

ಲೋಪಸಂಧಿ, ಚಿತ್ರದುರ್ಗ

ಕ್ರಿಯಾಸಮಾಸಕ್ಕೂ ಗಮಕಸಮಾಸಕ್ಕೂ ಆ ದೋಷದಿಂದ ವಿನಾಯಿತಿ ಇದೆ. ಹತ್ತನೆಯ ತರಗತಿಯಲ್ಲಿ ನೀವು ಯಾವ ಬೆಂಚಿನಲ್ಲಿ ಕೂತಿದ್ದಿರಿ? ಆದರೆ ‘ಆಯುಧಬಿಡು’ ಐದಕ್ಷರ; ನಡೆಯುವುದಿಲ್ಲ.

ಕರಡು ಪತ್ರ, ದಾವಣಗೆರೆ

ವಕೀಲ ವೃತ್ತಿಯವನಾದ ನಾನು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. ಪದದ ಮಿತಿಗೆ ಇಷ್ಟು ಹೊಡೆದಾಡುತ್ತಿರುವ ನೀವು ಸಜೆಶನ್ ಮಂತ್ರದ ವಾಕ್ಯದ ಮಿತಿಯನ್ನು ಮರೆತಿದ್ದೀರಿ. 2014ರ ನಿಯಮದಲ್ಲಿ ‘ಒಂದೆರಡು ವಾಕ್ಯಗಳಿಗೆ ಸೀಮಿತವಾದ’ ಸಲಹೆ ಕೊಡಬಹುದು. ಅದು ಕೇಳುವುದಕ್ಕೆ ಸಮಂಜಸವಾಗಿರಬೇಕು. ಮಂತ್ರ ಹಾಕಿದವನ ಏಕಾಗ್ರತೆ ಕೆಡದಿದ್ದರೆ ಎಂಟು ಗಂಟೆಯವರೆಗೂ ಗುರಿಯಾದವನು ಅದರಂತೆ ನಡೆಯುತ್ತಾನೆ. ದಾರಿಯಲ್ಲಿ ಸಿಗುವ ಮೊದಲ ಭಿಕ್ಷುಕನಿಗೆ ತನ್ನ ಯುದ್ಧದ ಕುದುರೆಯನ್ನು ಕೊಟ್ಟುಬಿಡುವಂತೆ ವೀರಯೋಧೆಗೆ ಹೇಳಬಹುದೆಂದು ಪುಸ್ತಕವೇ ಉದಾಹರಣೆ ಕೊಡುತ್ತದೆ. ಕುದುರೆ ದಾನ ಕೊಡುವುದು ಸಮಂಜಸವಾದರೆ ಸಮಂಜಸವಲ್ಲದ್ದು ಯಾವುದೋ ನನಗೆ ತಿಳಿಯದು.

ನಾನು ಕರಡು ಮಾಡುವ ಕ್ರಯಪತ್ರಗಳಲ್ಲಿ ಉಭಯತ್ರರ ಹೆಸರಿನಿಂದ ಹೊರಟು, ಸ್ವತ್ತಿನ ಚಕ್ಕುಬಂದಿಯನ್ನು ಸುತ್ತಿ, ಹಣದ ಪಾವತಿಯನ್ನು ದಾಟಿ, ಸಾಕ್ಷಿಗಳ ಸಮಕ್ಷಮದವರೆಗೂ ಹೋಗುವ ವಾಕ್ಯಕ್ಕೆ ಒಂದೇ ಪೂರ್ಣವಿರಾಮ. ಅದೇ ವಿದ್ಯೆಯಿಂದ ನಮ್ಮ ಆಟದಲ್ಲಿ ಕೋಟೆಯ ಕಾವಲು ನಾಯಕನಿಗೆ ನಾನು ಕೊಟ್ಟ ಸಲಹೆ ಇದು:

‘ಎರಡು ಜಾವದಿಂದ ನಿಂತು ದಣಿದಿರುವ ತಾವು ಈ ಬಾಗಿಲಿನ ಬೀಗದ ಕೈಯನ್ನು ನಂಬಿಕಸ್ಥನಾದ ನನ್ನ ವಶಕ್ಕೆ ಕೊಟ್ಟು, ತಮ್ಮ ಕೈಕೆಳಗಿನ ಎಲ್ಲ ಕಾವಲುಗಾರರನ್ನೂ ಕರೆದುಕೊಂಡು, ಹೊಂಡದ ದಡಕ್ಕೆ ಹೋಗಿ, ಕೈಕಾಲು ತೊಳೆದು, ಊಟ ಮುಗಿಸಿ, ಯಾರು ಕೂಗಿ ಕರೆದರೂ ಓಗೊಡದೆ, ಬೆಳಗಾಗುವವರೆಗೆ ವಿಶ್ರಮಿಸಿಕೊಳ್ಳತಕ್ಕದ್ದು.’

ಒಂದೇ ವಾಕ್ಯ. ಇನ್ನೊಂದು ವಾಕ್ಯ ಬಾಕಿ ಉಳಿದಿತ್ತು, ಕೊನೆಯಲ್ಲಿ ರುಜು ಮಾಡಿಸಿಕೊಳ್ಳಬಹುದಾಗಿತ್ತು.

ಏಳುಸುತ್ತು, ಚಿತ್ರದುರ್ಗ

ಇಂಥವರ ದೆಸೆಯಿಂದಲೇ 2024ರಲ್ಲಿ ಸಜೆಶನ್ನಿಗೂ ಇಪ್ಪತ್ತೈದು ಪದಗಳ ಮಿತಿ ಬಂದದ್ದು. ‘ಸಮಂಜಸ’ ಎಂಬ ಮಾತನ್ನೂ ತೆಗೆದು, ಸಾಧಿಸಬಹುದಾದದ್ದಾಗಿರಬೇಕು, ಅವನಿಗಾಗಲಿ ಅವನ ಕಡೆಯವರಿಗಾಗಲಿ ಕಣ್ಣಿಗೆ ಕಾಣುವ ಹಾನಿ ಇರಬಾರದು ಎಂದು ಬಿಗಿಮಾಡಿದ್ದಾರೆ.

ಕರಡು ಪತ್ರ, ದಾವಣಗೆರೆ

ಇಪ್ಪತ್ತೈದು ಪದ ಧಾರಾಳವಾಯಿತು. ಈಗಷ್ಟೇ ಹಿರಿಯೂರಿನವರು ಅಷ್ಟರಲ್ಲಿ ಒಂದು ಯುದ್ಧವನ್ನೂ ಒಂದು ರಾಜದ್ರೋಹವನ್ನೂ ಹಿಡಿಸಿ ತೋರಿಸಿದ್ದಾರಲ್ಲ.

ಮಂಡಕ್ಕಿ ಡಿಎಂ, ದಾವಣಗೆರೆ

ತಾತನವರ ಮಾತು ನನಗೆ ಹಿಡಿಸಿತು. ಪದಕ್ಕೆ ನಾಲ್ಕು ಅಕ್ಷರವಾದರೆ ಇಪ್ಪತ್ತೈದು ಪದಕ್ಕೆ ನೂರು ಅಕ್ಷರ. ಸೆಂಡಿಂಗ್, ಸಜೆಶನ್ ಎರಡಕ್ಕೂ ನೂರು ಅಕ್ಷರವೆಂದು ಮಾಡಿದರೆ ಯಾರ ತಕರಾರೂ ಇರಲಾರದು. ಹಿರಿಯೂರಿನವರ ಸಂದೇಶವನ್ನು ಬೆರಳು ಮಡಿಸಿ ಎಣಿಸಿದೆ. ‘ಓರ್ಕ್’ನ ಅರ್ಧಾಕ್ಷರವನ್ನು ಬೇರೆಯಾಗಿ ಎಣಿಸದಿದ್ದರೆ ಒಟ್ಟು ನೂರೆಂಟು.

ಹರಿಹರದ ಹಾಫ್ಲಿಂಗ್

ಅಷ್ಟೋತ್ತರ! ಇಂಥ ಶುಭಸಂಖ್ಯೆಯ ಸಂದೇಶಕ್ಕೆ ಸ್ಲಾಟ್ ಕೇಳುವುದೇ ಪಾಪ.

ಹಿರಿಯೂರಿನ ಎಲ್ಫ್

ನೂರಕ್ಕೆ ಎಲ್ಲಿ ಕಡಿದುಹೋಗುತ್ತದೆ ಎಂದು ನೋಡಿದಿರಾ? ‘ಅರಸನಿಗಿದನ್ನು ತಿಳಿಸಬೇಡಿ, ಮಂತ್ರಿಯೇ ಆ ಬಾ’. ಅಷ್ಟೇ! ಕೇಳಿಸಿಕೊಂಡವರು ಮಂತ್ರಿಯನ್ನೇ ಬಂಡಿ ಹೊಡೆದುಕೊಂಡು ಬಾ ಎಂದು ಕರೆತರುತ್ತಿದ್ದರು. ಈ ನಿಯಮ ಮಕ್ಕಳ ಪ್ರಾಣಕ್ಕೇ ಎರವಾಗುತ್ತಿತ್ತು.

ಕಟ್ಟುಕಡ್ಡಿ, ದಾವಣಗೆರೆ

ಅದಕ್ಕೇ ನಾವು ಕೌಂಟರಿನಲ್ಲಿ ಹೇಳುತ್ತಿದ್ದದ್ದು: ಮುಖ್ಯವಾದದ್ದನ್ನು ಮೊದಲು ಬರೆಯಿರಿ.

ಏಳುಸುತ್ತು, ಚಿತ್ರದುರ್ಗ

ನಾಲ್ಕಕ್ಷರದ ಲೆಕ್ಕಕ್ಕೆ ಒಂದು ತಿದ್ದುಪಡಿ. ಮೇಲಿನ ಹಂತದ ಸ್ಲಾಟ್ ಬಳಸಿದರೆ ಕಮಾಂಡನ್ನು ಹಂತಕ್ಕೊಬ್ಬರಂತೆ ಹೆಚ್ಚು ಜನರ ಮೇಲೆ ಹಾಕಬಹುದು. ಆಗ ‘ನಿಲ್ಲು’ ಎಂಬುದು ಏಕವಚನ. ಮೂವರು ಓರ್ಕ್‌ಗಳಿಗೆ ‘ನಿಲ್ಲು’ ಎಂದರೆ ಯಾರೋ ಒಬ್ಬ ನಿಲ್ಲುತ್ತಾನೆ, ಉಳಿದಿಬ್ಬರು ‘ನನಗಲ್ಲ’ ಎಂದುಕೊಂಡು ಮುಂದೆ ನುಗ್ಗುತ್ತಾರೆ. ಬಹುವಚನದಲ್ಲಿ ‘ನಿಲ್ಲಿ’ ಎಂದರೆ ಬಿಡಿ ಧಾತುವಿನ ನಿಯಮ ಮುರಿಯಿತು.

ಇಪ್ಪತ್ತರ ದಾಳ, ದಾವಣಗೆರೆ

‘ನಿಲ್ಲಿ’ ಎಂದರೆ ಶತ್ರುವಿಗೆ ಮರ್ಯಾದೆ ಕೊಟ್ಟಂತೆಯೂ ಆಗುತ್ತದೆ. ಒನಕೆ ಹಿಡಿದುಕೊಂಡು ‘ತಾವು ದಯವಿಟ್ಟು ನಿಲ್ಲಿ’ ಎಂದು ನಾನು ಹೇಳಲಾರೆ.

ಲೋಪಸಂಧಿ, ಚಿತ್ರದುರ್ಗ

ಬಹುವಚನದ ಪ್ರತ್ಯಯಕ್ಕೆ ಅವಕಾಶ ಕೊಡಿ. ಮರ್ಯಾದೆ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಹಿರಿಯೂರಿನ ಎಲ್ಫ್

ಎರಡಕ್ಷರದ ಒಂದು ಆಜ್ಞೆಯ ಬಗ್ಗೆ ಹೇಳದೆ ಇರಲಾರೆ: ‘ಸಾಯಿ’. 2014ರ ನಿಯಮದಲ್ಲಿ ಅದು ನೇರ ಹಾನಿಯ ಆಜ್ಞೆಯಾದ್ದರಿಂದ ನಡೆಯುವುದಿಲ್ಲ. ಆದರೆ 1989ರ ಎರಡನೆಯ ಆವೃತ್ತಿಯಲ್ಲಿ ಆ ಆಜ್ಞೆಗೆ ಒಂದು ಸುತ್ತಿನ ಕಾಲ ಶವದಂತೆ ನಿಶ್ಚೇಷ್ಟಿತನಾಗಿ ಬಿದ್ದು, ಆಮೇಲೆ ಎದ್ದು ಕೂರಬೇಕೆಂದಿತ್ತು. ಹಳಬರು ಎಷ್ಟು ಉದಾರಿಗಳಾಗಿದ್ದರು ನೋಡಿ.

ಮಂಡಕ್ಕಿ ಡಿಎಂ, ದಾವಣಗೆರೆ

ಭಾನುವಾರದ ವರದಿ ಒಪ್ಪಿಸುತ್ತಿದ್ದೇನೆ. ಕಮಾಂಡಿಗೆ ಬಿಡಿ ಧಾತು ಅಥವಾ ನಿಘಂಟಿನ ಕ್ರಿಯಾಸಮಾಸ, ನಾಲ್ಕು ಅಕ್ಷರದೊಳಗೆ. ಸೆಂಡಿಂಗಿಗೆ ನೂರು ಅಕ್ಷರ. ಎಲ್ಲರೂ ಒಪ್ಪಿ ಆಟ ಆರಂಭವಾಯಿತು. ಹಿಂದಿನ ವಾರದ ದಳಪತಿಯ ವಿಷಯವನ್ನು ರಾಜಿಯಲ್ಲಿ ಮುಗಿಸಿದೆವು; ಕತ್ತಿ ಬಿದ್ದಿತು, ಅವನು ಓಡಲಿಲ್ಲ. ಇಪ್ಪತ್ತು ನಿಮಿಷ ಸುಖವಾಗಿ ನಡೆಯಿತು.

ಆಮೇಲೆ ಕಿಂಡಿಯಿಂದ ದಳಪತಿಯ ಅಂಗರಕ್ಷಕ ಹೊರಬಂದ. ನಮ್ಮ ಕ್ಲೆರಿಕ್ ಅವನ ಮೇಲೆ ಕಮಾಂಡ್ ಹಾಕಿದಳು, ಅವನೂ ಸೋತ. ಆಜ್ಞೆ ‘ಕೈಕೊಡು’. ಮೂರೇ ಅಕ್ಷರ, ನಿಘಂಟಿನಲ್ಲಿದೆ, ತಕರಾರಿಲ್ಲ. ಅಂಗರಕ್ಷಕ ಸರದಿ ಬಂದಾಗ ಬಲಗೈ ಚಾಚಿ ಅವಳ ಕೈಕುಲುಕಿದ ಎಂದು ನಾನು ಹೇಳಿದೆ. ಅವಳು ‘ಅಲ್ಲ, ಅವನು ತನ್ನ ಒಡೆಯನಿಗೆ ಕೈಕೊಡಬೇಕು, ಅಂದರೆ ಮೋಸ ಮಾಡಿ ಬಿಟ್ಟುಹೋಗಬೇಕು’ ಎನ್ನುತ್ತಾಳೆ. ದಾಳಗಳು ಈಗಲೂ ಮೇಜಿನ ಮೇಲೆ ಹಾಗೆಯೇ ಇವೆ. ಮೇಡಂ, ದಯವಿಟ್ಟು ತೀರ್ಪು ಕೊಡಿ.

ಲೋಪಸಂಧಿ, ಚಿತ್ರದುರ್ಗ

ಇದರಲ್ಲಿ ಕಷ್ಟವೇನಿದೆ? ಕೈಯನ್ನು ಚಾಚುವ ಅರ್ಥ ಬೇಕಿದ್ದರೆ ಅದು ‘ಕೈ ಕೊಡು’, ಎರಡು ಬಿಡಿ ಪದ. ನಿಮ್ಮ ನಿಯಮದ ಪ್ರಕಾರ ಆ ಆಜ್ಞೆ ಮೊದಲೇ ಅಸಿಂಧು. ಒಂದೇ ಪದವಾದ ‘ಕೈಕೊಡು’ವಿಗೆ ರೂಢಿಯ ಅರ್ಥ ಮೋಸ ಮಾಡುವುದು. ಒಂದು ಪದವೆಂದು ನೀವು ಒಪ್ಪಿಕೊಂಡ ಕ್ಷಣವೇ ಅಂಗರಕ್ಷಕ ದ್ರೋಹಿಯಾದ. ಆ ಹುಡುಗಿ ಹೇಳಿದ್ದೇ ಸರಿ.

ಇಪ್ಪತ್ತರ ದಾಳ, ದಾವಣಗೆರೆ

ಮೇಡಂ, ದುರ್ಗಕ್ಕೆ ಬಂದಾಗ ನಿಮ್ಮ ಮನೆಗೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಬರುತ್ತೇನೆ.

ಏಳುಸುತ್ತು, ಚಿತ್ರದುರ್ಗ

ಒಂದು ನಿಮಿಷ. ದ್ರೋಹಿಯಾದ, ಒಪ್ಪಿದೆ. ಆದರೆ ಕೈಕೊಡುವ ಕ್ರಿಯೆಗೆ ‘ಯಾರಿಗೆ’ ಎಂಬ ಚತುರ್ಥಿ ಬೇಕು. ಆಜ್ಞೆಯಲ್ಲಿ ಅದಿಲ್ಲ. ‘ಒಡೆಯನಿಗೆ’ ಎಂದು ಸೇರಿಸಿದರೆ ಎರಡು ಪದವಾಗುತ್ತದೆ. ಹಾಗಾದರೆ ಅವನು ಯಾರಿಗೆ ಕೈಕೊಡಬೇಕು?

ಹರಿಹರದ ಹಾಫ್ಲಿಂಗ್

ಎದುರಿಗೆ ನಿಂತು ಅವನನ್ನು ನಂಬಿಕೊಂಡಿರುವವಳು ಒಬ್ಬಳೇ.